ನಲವತ್ತೆಂಟು ರಟ್ಟುಗಳು

ಲೇರ್, 9 ಮಾರ್ಚ್ 2009

ಲೋಬೆಕ್ ಸಾಹೇಬರೇ,

ನಾನು ತಾಲ್ಕೆ ಆಡೆನ್. ನೆನಪಿಗೆ ಬಾರದಿದ್ದರೆ ಹೇಳಿಬಿಡುತ್ತೇನೆ. ಆಫೆನ್‌ಬಾಖಿನ ಅಚ್ಚಿನ ಅಕ್ಷರ ತಯಾರಿಸುವ ಕಾರ್ಖಾನೆಯಲ್ಲಿ ನೀವು ಚಿತ್ರಶಾಲೆಯ ಮುಖ್ಯಸ್ಥರಾಗಿದ್ದಾಗ, ಕಿಟಕಿಯಿಂದ ಎರಡನೆಯ ಮೇಜಿನಲ್ಲಿ ಒಂಬತ್ತು ವರ್ಷ ಕೂತು ಅಕ್ಷರ ಬರೆದವಳು. 1971ರ ನವೆಂಬರಿನಲ್ಲಿ ಹೇಳದೆ ಕೇಳದೆ ರೈಲು ಹತ್ತಿದವಳು. ಈಗ ಅರವತ್ತೊಂಬತ್ತು. ಮಂಡಿನೋವು ಬಿಟ್ಟರೆ ಚೆನ್ನಾಗಿದ್ದೇನೆ. ದೂರವಾಣಿ ಪುಸ್ತಕದಲ್ಲಿ ನಿಮ್ಮ ವಿಳಾಸ ನೋಡಿದೆ. ಅದೇ ಬೀದಿ, ಅದೇ ಮನೆ ನಂಬರು.

ಮೂವತ್ತೆಂಟು ವರ್ಷದ ಮೇಲೆ ಬರೆಯಲು ಕಾರಣ ಒಂದು ಲಾರಿ. ಹೋದ ಮಂಗಳವಾರ ನಮ್ಮ ಬೀದಿಗೆ ಮನೆ ಸಾಮಾನು ಸಾಗಿಸುವ ಲಾರಿ ಬಂದು ನಿಂತಿತ್ತು. ಅದರ ಪಕ್ಕೆಯ ಉದ್ದಕ್ಕೂ ಕಂಪನಿಯ ಹೆಸರು, ಒಂದೊಂದು ಅಕ್ಷರವೂ ಆಳೆತ್ತರ. ನಮ್ಮ ಕಾರ್ಖಾನೆಯ 'ಡೈಶ್' ಎಂಬ ಅಕ್ಷರಶೈಲಿ. ದಪ್ಪ, ಅಗಲ, ಕುಳ್ಳು. ಬರೀ ವೃತ್ತ ಮತ್ತು ನೇರ ಗೆರೆಗಳಿಂದ ಕಟ್ಟಿದ್ದು. ಎಲ್ಲಿ ಕಂಡರೂ ನಾನು ನಿಂತು ನೋಡುತ್ತೇನೆ, ಅದು ಅಭ್ಯಾಸ. ಆದರೆ ಈ ಸಲ ನೋಡಿ ಹೊಟ್ಟೆ ಉರಿದುಹೋಯಿತು. 'ಓ' ಅಕ್ಷರಕ್ಕೆ ನಾಲ್ಕು ಕಡೆ ಡುಬ್ಬ ಬಂದಿದೆ!

ಲಾರಿಯವನು ಕೇಳಿದ: "ಏನಮ್ಮಾ, ಲಾರಿ ಕೊಂಡ್ಕೊಳ್ತೀರಾ?"

"ಇಲ್ಲಪ್ಪಾ, ನಿನ್ನ ಓ ಅಕ್ಷರಕ್ಕೆ ಡುಬ್ಬ ಬಂದಿದೆಯಲ್ಲ, ಅದನ್ನ ನೋಡ್ತಿದ್ದೀನಿ."

ಅವನು ಹಿಂದೆ ಸರಿದು ನೋಡಿ, "ನಂಗೇನೂ ಕಾಣಿಸ್ತಿಲ್ಲ. ಕಣ್ಣು ಡಾಕ್ಟರಿಗೆ ತೋರ್ಸಿ" ಎಂದ.

ಎರಡು ಅರ್ಧವೃತ್ತ, ನಡುವೆ ಎರಡು ನೇರ ಗೆರೆ, ಇದೇ ನಮ್ಮ ಓ. ಕೈವಾರವಿಟ್ಟು ಹಾಗೆಯೇ ಬರೆದರೆ, ಗೆರೆ ಮುಗಿದು ಬಾಗು ಶುರುವಾಗುವ ಕಡೆ ಕಣ್ಣಿಗೆ ಉಬ್ಬು ಕಾಣುತ್ತದೆ. ಅಳತೆಪಟ್ಟಿ ಸರಿ ಎನ್ನುತ್ತದೆ, ಕಣ್ಣು ತಪ್ಪು ಎನ್ನುತ್ತದೆ. ಅದಕ್ಕೇ ಬಾಗು ಬರುವ ಮೊದಲೇ ಗೆರೆಯನ್ನು ಕೂದಲೆಳೆಯಷ್ಟು ಇಳಿಸಬೇಕು. ನಿಮಗೆ ಇದನ್ನು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆ ಕೂದಲೆಳೆಯನ್ನು ಕೆರೆದು ಕೆರೆದು ಸರಿಮಾಡಲು ನನಗೆ ಒಂದು ವಾರ ಹಿಡಿದಿತ್ತು.

ವಿಚಾರಿಸಿದೆ. ಬರ್ಲಿನ್ನಿನ ಒಂದು ಕಂಪನಿ ಡೈಶ್ ಅನ್ನು ಕಂಪ್ಯೂಟರಿಗೆ ಏರಿಸಿದೆಯಂತೆ. ಫೋನಿನಲ್ಲಿ ಸಿಕ್ಕವರು ಫ್ರೌ ರೀಡೆಲ್ ಎಂಬ ಹೆಂಗಸು. "ಹಳೇ ಅಂಚುಗಳಲ್ಲಿ ಕೈತಪ್ಪು ಬಹಳ ಇತ್ತು ಮೇಡಂ, ಎಲ್ಲಾ ಕ್ಲೀನ್ ಮಾಡಿದ್ವಿ" ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಕ್ಟೋಬರ್ ಒಂದಕ್ಕೆ ಪೂರ್ತಿ ಹೊಸ ಆವೃತ್ತಿ ಬರುತ್ತದೆ, ಜೊತೆಗೊಂದು ಪುಸ್ತಿಕೆ. ಅದರ ಮೊದಲ ಪುಟದಲ್ಲಿ ಇರುವ ಸಾಲು: 'ವಿನ್ಯಾಸ: ಗೆರ್ನೊಟ್ ಲೋಬೆಕ್, 1971'.

ವಿನ್ಯಾಸ ನನ್ನದು. ನಿಮಗೂ ಗೊತ್ತು, ನನಗೂ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಆ ಪುಸ್ತಿಕೆಯಲ್ಲಿ ನನ್ನ ಹೆಸರು ಬರಬೇಕು. ನೀವು ಬರ್ಲಿನ್ನಿಗೆ ಒಂದು ಕಾಗದ ಬರೆಯಬೇಕು. ಬೇರೇನೂ ಬೇಡ.

ಇಂತಿ,
ತಾಲ್ಕೆ ಆಡೆನ್


ಆಫೆನ್‌ಬಾಖ್, 27 ಮಾರ್ಚ್ 2009

ಮಾನ್ಯ ಆಡೆನ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಈ ಕೈಬರಹ ನನ್ನದಲ್ಲ, ನನ್ನ ಹೆಂಡತಿ ಹೆಡ್ವಿಗ್‌ಳದ್ದು. ಆರು ವರ್ಷದಿಂದ ನನಗೆ ಕಣ್ಣು ಕಾಣುವುದಿಲ್ಲ. ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತದೆ. ಆದ್ದರಿಂದ ನೀವು ಹೇಳುವ ಲಾರಿಯನ್ನು ನಾನು ನೋಡಿಲ್ಲ, ಡುಬ್ಬಗಳನ್ನೂ ನೋಡಿಲ್ಲ. ಬರ್ಲಿನ್ನಿನವರು ಅನುಮತಿಗೆ ಸಹಿ ಕೇಳಿದರು. ಹೆಡ್ವಿಗ್ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.

ಇನ್ನು ಮುಖ್ಯ ವಿಷಯ. ಚಿತ್ರಶಾಲೆಯ ಕೆಲಸ ಎಂದರೆ ಎಲ್ಲರ ಕೆಲಸ. ಹೆಣ್ಣುಮಕ್ಕಳು ಬರೆಯುತ್ತಿದ್ದರು, ಮುಖ್ಯಸ್ಥ ತಿದ್ದುತ್ತಿದ್ದ, ಅಕ್ಷರ ಬರೆದ ರಟ್ಟಿನ ಹಿಂದೆ ಮುಖ್ಯಸ್ಥನ ಮುದ್ರೆ ಬೀಳುತ್ತಿತ್ತು. ಇದು ನನ್ನ ಕಾಲದ ಪದ್ಧತಿ, ನನಗಿಂತ ಹಿಂದಿನವರ ಪದ್ಧತಿಯೂ ಹೌದು. ಲಾರಿಯ ಪಕ್ಕೆಗೆ ಅಗಲ ಅಕ್ಷರ ಬೇಕು ಎಂಬ ಯೋಚನೆ ನನ್ನದೇ ಎಂದು ನನ್ನ ನೆನಪು. ನಿಮ್ಮ ಕೈ ಚುರುಕಾಗಿತ್ತು ಎಂಬುದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ನಿಮ್ಮ ಮಂಡಿನೋವು ಬೇಗ ವಾಸಿಯಾಗಲಿ.

ವಿಶ್ವಾಸಿ,
ಗೆರ್ನೊಟ್ ಲೋಬೆಕ್

ತಾಲ್ಕೆಯವರೇ, ಇದು ನಾನು ಹೆಡ್ವಿಗ್. ಇವರು ಹೇಳಿದ್ದನ್ನ ಹೇಳಿದ ಹಾಗೇ ಬರ್ದಿದ್ದೀನಿ, ನಂದೇನೂ ಸೇರ್ಸಿಲ್ಲ. ಆದ್ರೆ ಒಂದು ಮಾತು. ನಿಮ್ಮ ಕಾಗದ ಓದಿದ ಮೇಲೆ ಇವರು ಅಂಗೈ ಚಾಚಿ, "ಡುಬ್ಬ ಎಲ್ಲಿ ಬಂದಿದೆಯಂತೆ, ಬರ್ದು ತೋರ್ಸು" ಅಂದ್ರು. ನಾನು ಬೆರಳಲ್ಲಿ ಓ ಬರ್ದೆ. "ಥೂ ಕತ್ತೆಗಳಾ!" ಅಂತ ಬೈದ್ರು. ನನ್ನನ್ನಲ್ಲ, ಬರ್ಲಿನ್ನೋರನ್ನ.


ಲೇರ್, 4 ಏಪ್ರಿಲ್ 2009

ಲೋಬೆಕ್ ಸಾಹೇಬರೇ,

ನಿಮ್ಮ ಕಣ್ಣಿನ ವಿಷಯ ಓದಿ ಬೇಸರವಾಯಿತು. ಅದು ನಿಜವಾದ ಬೇಸರ. ಮುಂದೆ ಬರೆಯುವುದನ್ನು ಅದರೊಂದಿಗೆ ಬೆರೆಸಬೇಡಿ.

ಅಗಲ ಅಕ್ಷರದ ಯೋಚನೆ ನಿಮ್ಮದೋ? ಮೊದಲ ಹಾಳೆ ತಂದು ನಿಮ್ಮ ಮೇಜಿನ ಮೇಲಿಟ್ಟಾಗ ನೀವು ಆಡಿದ ಮಾತು ನನಗೆ ನೆನಪಿದೆ: "ಇದೇನ್ರೀ ಇದು, ಅಕ್ಷರದ ಮೇಲೆ ಯಾರಾದ್ರೂ ಕೂತ್ಬಿಟ್ರಾ?" ಇಡೀ ಚಿತ್ರಶಾಲೆ ನಕ್ಕಿತು. ಮಿಕ್ಕವರೆಲ್ಲ ಎತ್ತರದ ಅಕ್ಷರ ಬರೆದಿದ್ದರು, ನಾನೊಬ್ಬಳು ಅಡ್ಡಡ್ಡ ಬರೆದಿದ್ದೆ. ನಮ್ಮ ಕಡಲ ಕಡೆ ಎಲ್ಲವೂ ಅಡ್ಡವೇ. ಎತ್ತರ ಎಂದರೆ ಕಡಲ ನೀರು ತಡೆಯುವ ಮಣ್ಣಿನ ಏರಿ, ಅದೂ ಮಲಗಿಕೊಂಡಿರುತ್ತದೆ. ಆ ಏರಿಗೆ ನಾವು ಡೈಶ್ ಎನ್ನುತ್ತೇವೆ. ಆಫೆನ್‌ಬಾಖಿನಲ್ಲಿ ಹುಟ್ಟಿ ಆಫೆನ್‌ಬಾಖಿನಲ್ಲೇ ಬೆಳೆದ ಯಾವ ಮನುಷ್ಯ ತನ್ನ ಅಕ್ಷರಕ್ಕೆ ಕಡಲ ಏರಿಯ ಹೆಸರಿಡುತ್ತಾನೆ? ಆಗ ಯಾರೂ ಇದನ್ನು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಆ ತಪ್ಪು ನನ್ನದು.

ಊರಿಗೆ ಬಂದು ಇಪ್ಪತ್ತೊಂಬತ್ತು ವರ್ಷ ಏರಿ ಇಲಾಖೆಯಲ್ಲಿ ನಕ್ಷೆ ಬರೆದೆ. ಅಷ್ಟೂ ವರ್ಷ ನನ್ನ ಅಕ್ಷರ ನನ್ನ ಕಣ್ಣೆದುರು ಓಡಾಡುತ್ತಿತ್ತು. ತಣ್ಣಗಿಟ್ಟ ಬಟಾಣಿಯ ಪೊಟ್ಟಣದ ಮೇಲೆ. ಅಂಗಡಿ ಮುಚ್ಚುವವರ ಕೊನೆ ಮಾರಾಟದ ಬ್ಯಾನರಿನ ಮೇಲೆ. ಕಾಲ್ಚೆಂಡಾಟದ ಮಫ್ಲರಿನ ಮೇಲೆ. ಅಣುಸ್ಥಾವರ ಬೇಡವೆಂದು ಕೂಗುವವರ ಫಲಕದ ಮೇಲೆ ಇದ್ದ ದಿನವೇ ಅಣುಸ್ಥಾವರದ ಕಾವಲುಗೋಡೆಯ ಮೇಲೂ ಇತ್ತು. ದೂರದಿಂದ ಕೂಗುವುದಕ್ಕೆಂದು ಮಾಡಿದ್ದು, ಯಾರ ಬಾಯಿಗೆ ಕೊಟ್ಟರೂ ಕೂಗುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಮ್ಮೆ ನಮ್ಮಕ್ಕ ಗೇಶೆಗೆ, ಇದು ನಾನು ಬರೆದದ್ದು ಎಂದು ಬಟಾಣಿ ಪೊಟ್ಟಣ ತೋರಿಸಿದೆ. "ಹೌದು ಕಣೇ, ಬಟಾಣೀನೂ ನೀನೇ ಬೆಳ್ದಿದ್ದು" ಎಂದಳು. ಅವಳಿಗೆ ಅದು ತಮಾಷೆ. ನನಗೆ ಆ ದಿನ ಊಟ ಸೇರಲಿಲ್ಲ.

ನನ್ನ ಕೈ ಕೆಸರಾಯಿತು, ಮೊಸರು ನಿಮ್ಮ ಬಾಯಿಗೆ ಹೋಯಿತು. ಡೈಶ್ ಬಿಡುಗಡೆಯ ದಿನ ನಿರ್ದೇಶಕರ ಮುಂದೆ ನಿಂತು ನೀವು ಓದಿದ ಸಾಲು: "ನಮ್ಮ ಚಿತ್ರಶಾಲೆಯ ಹೆಣ್ಣುಮಕ್ಕಳ ದುಡಿಯುವ ಕೈಗಳಿಗೂ ವಂದನೆ." ಆಮೇಲೆ ಆರು ಜನಕ್ಕೂ ಒಂದೊಂದು ಚಾಕೊಲೇಟ್ ಡಬ್ಬಿ. ನನ್ನ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಬಂದೆ. ಯಾರು ತಿಂದರೋ ಗೊತ್ತಿಲ್ಲ.

ಎ ಇಂದ ಹಿಡಿದು ಆಶ್ಚರ್ಯಸೂಚಕ ಚಿಹ್ನೆಯವರೆಗೆ ಒಂದೊಂದಕ್ಕೆ ಒಂದರಂತೆ ನಲವತ್ತೆಂಟು ರಟ್ಟು, ನಲವತ್ತೆಂಟೂ ನನ್ನವು. ನನ್ನ ತಾಯಿಯ ಸಮಾಧಿಯ ಆಣೆ. ಆ ರಟ್ಟುಗಳು ಈಗ ಎಲ್ಲಿವೆ?

ತಾಲ್ಕೆ ಆಡೆನ್


ಆಫೆನ್‌ಬಾಖ್, 2 ಮೇ 2009

ಆಡೆನ್ ಅವರೇ,

ರಟ್ಟುಗಳು ನನ್ನ ಮನೆಯ ನೆಲಮಾಳಿಗೆಯಲ್ಲಿವೆ. 1986ರಲ್ಲಿ ಕಾರ್ಖಾನೆ ಮುಚ್ಚಿದಾಗ ಎಲ್ಲವನ್ನೂ ಕಸದ ತೊಟ್ಟಿಗೆ ಎಸೆಯುತ್ತಿದ್ದರು. ನಾನು ಕಾರಿನಲ್ಲಿ ನಾಲ್ಕು ಸಲ ಓಡಾಡಿ ಕೈಗೆ ಸಿಕ್ಕಷ್ಟು ತಂದೆ. ಸೇಬು ಇಡುವುದಕ್ಕೆ ಜಾಗವಿಲ್ಲವಾಯಿತೆಂದು ಹೆಡ್ವಿಗ್ ಈಗಲೂ ಗೊಣಗುತ್ತಾಳೆ. ಈ ಸಾಲು ಬರೆಯುವಾಗಲೂ ಗೊಣಗಿದಳು.

ನಿಮ್ಮ ಎರಡನೆಯ ಕಾಗದ ಬಂದ ಮೇಲೆ ಅವನ್ನು ಮೇಲೆ ತರಿಸಿದೆ. ಕಣ್ಣಿಲ್ಲದಿದ್ದರೇನು, ಬೆರಳಿದೆ. ನಿಮಗೂ ಗೊತ್ತಿರುವ ಸಂಗತಿ: ನೀವು ತಪ್ಪಾದ ಶಾಯಿಯನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದಿರಿ. ನಾನು ಎಂದೂ ಕೆರೆದವನಲ್ಲ. ಬಿಳಿ ಬಣ್ಣ ಹಚ್ಚಿ ಮುಚ್ಚುತ್ತಿದ್ದೆ. ಕೆರೆದ ಕಡೆ ರಟ್ಟು ಒರಟಾಗಿ ತಗ್ಗುತ್ತದೆ, ಬಣ್ಣ ಹಚ್ಚಿದ ಕಡೆ ದಿಣ್ಣೆ ಏಳುತ್ತದೆ. ಚಿತ್ರಶಾಲೆಯಲ್ಲಿ ಯಾರ ಕೈ ಎಂದು ತಿಳಿಯಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೂರು ದಿನ ಕೂತು ನಲವತ್ತೆಂಟನ್ನೂ ಮುಟ್ಟಿ ನೋಡಿದೆ. ಎಲ್ಲವೂ ತಗ್ಗು. ನನ್ನ ನೆನಪು ನನಗೆ ಅನುಕೂಲವಾದುದನ್ನೇ ಇಷ್ಟು ವರ್ಷ ಹೇಳುತ್ತ ಬಂದಿದೆ ಎಂದು ಕಾಣುತ್ತದೆ.

ಬರ್ಲಿನ್ನಿಗೆ ನಿನ್ನೆ ಕಾಗದ ಹೋಗಿದೆ. ಡೈಶ್ ನಿಮ್ಮ ವಿನ್ಯಾಸ, ಪೂರ್ತಿ ನಿಮ್ಮದು, ನನ್ನ ಹೆಸರು ತೆಗೆಯಬೇಕು ಎಂದು ಬರೆಸಿದ್ದೇನೆ. ನಕಲು ಇದರೊಳಗಿದೆ.

ಇನ್ನೊಂದು. ನಾನು ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಕೇಳುವ ಹಕ್ಕು ನನ್ನದು: ಇನ್ನು ಮುಂದೆ ನಾವು ಒಬ್ಬರನ್ನೊಬ್ಬರು 'ನೀನು' ಎನ್ನಬಹುದೇ? ನಲವತ್ತು ವರ್ಷದ ಹಿಂದೆಯೇ ಕೇಳಬೇಕಿತ್ತು.

ಗೆರ್ನೊಟ್

ಹೆಡ್ವಿಗ್ ಬರೀತಿರೋದು. ಆ ಮೂರು ದಿನ ಊಟದ ಮೇಜಿನ ತುಂಬ ನಿಮ್ಮ ಅಕ್ಷರಗಳೇ. ಹಸಿರು ಸಾಸು, ಆಲೂಗಡ್ಡೆ, ಮೊಟ್ಟೆ ಎಲ್ಲಾ ಮಾಡಿಟ್ಟಿದ್ದೆ. ನಾವು ನಿಂತ್ಕೊಂಡೇ ಉಂಡ್ವಿ. ಇವರು ಬಾಯಿಬಿಟ್ಟು ಹೇಳಲ್ಲ, ಆದ್ರೆ ತುಂಬ ನೊಂದ್ಕೊಂಡಿದ್ದಾರೆ. ಹೇಳಿಬಿಟ್ಟೆ ಅಂತ ಇವರಿಗೆ ಹೇಳ್ಬೇಡಿ. ಹೇಗೂ ನಿಮ್ಮ ಕಾಗದ ಓದೋಳು ನಾನೇ.


ಲೇರ್, 30 ಮೇ 2009

ಲೋಬೆಕ್ ಸಾಹೇಬರೇ,

ನಕಲು ಓದಿದೆ. ಟೇಬಲ್ಲಿನ ಮೇಲಿಟ್ಟು, ಚಹಾ ಮಾಡಿಕೊಂಡು ಬಂದು, ಮತ್ತೆ ಓದಿದೆ. ಧನ್ಯವಾದ ಹೇಳಬೇಕೆಂದು ಕೂತರೆ ಆ ಪದವೇ ಬರುತ್ತಿಲ್ಲ. ಮೂವತ್ತೆಂಟು ವರ್ಷ ಸಿಟ್ಟನ್ನು ಸಾಕಿದವಳಿಗೆ ಅದು ಒಂದೇ ಅಂಚೆಯಲ್ಲಿ ತೀರಿಹೋದರೆ ಕೈ ಖಾಲಿಯಾದ ಹಾಗಾಗುತ್ತದೆ. ಆದರೂ ಹೇಳುತ್ತೇನೆ, ಧನ್ಯವಾದ.

'ನೀನು' ಬೇಡ. ಇಷ್ಟು ವರ್ಷ ನಿಮ್ಮನ್ನು ಬಹುವಚನದಲ್ಲೇ ಬೈದಿದ್ದೇನೆ. ಈಗ ಏಕವಚನಕ್ಕೆ ಇಳಿದರೆ ಮೊದಲಿನಿಂದ ಬೈಯಬೇಕಾಗುತ್ತದೆ.

ಫ್ರೌ ರೀಡೆಲ್ ತಾವೇ ಫೋನ್ ಮಾಡಿದ್ದರು. ದನಿ ಜೇನಿನಂತಾಗಿತ್ತು. ಕ್ಲೀನ್ ಮಾಡಿದ ಅಂಚುಗಳನ್ನು ಮತ್ತೆ ಮೊದಲಿನಂತೆ ಮಾಡುತ್ತಾರಂತೆ, ಅದಕ್ಕೆ ನಾನು ರಟ್ಟುಗಳನ್ನು ನೋಡಿ ಒಂದೊಂದು ಅಕ್ಷರಕ್ಕೂ ಟಿಪ್ಪಣಿ ಬರೆದುಕೊಡಬೇಕಂತೆ. ದಯವಿಟ್ಟು ರಟ್ಟುಗಳನ್ನು ಕಳಿಸಿಕೊಡಿ. ಕೆಲಸ ಮುಗಿದ ಕೂಡಲೇ ಹಿಂದಿರುಗಿಸುತ್ತೇನೆ. ಹಿಂದಿರುಗಿಸುವುದು ಬೇಡ ಎಂದು ಹೆಡ್ವಿಗ್ ಅವರು ಹೇಳಿದರೆ ಅದೂ ಸರಿ. ಸೇಬಿಗೆ ಜಾಗವಾಗಲಿ.

ನಕಲನ್ನು ಗೇಶೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು. "ಅಯ್ಯೋ, ನಿಜವೇನೇ?" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಟಾಣಿ ಪೊಟ್ಟಣ ಹುಡುಕಿದಳು.

ತಾಲ್ಕೆ ಆಡೆನ್


ಆಫೆನ್‌ಬಾಖ್, 18 ಜೂನ್ 2009

ಪ್ರೀತಿಯ ತಾಲ್ಕೆಯವರೇ,

ಇದು ನಾನು ಹೆಡ್ವಿಗ್, ಪೂರ್ತಿ ನನ್ನದೇ ಕಾಗದ, ನಮ್ಮವರಿಗೆ ಗೊತ್ತಿಲ್ಲ. ಅವರು ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ.

ರಟ್ಟುಗಳನ್ನು ನನ್ನ ತಮ್ಮನ ಕಾರಿನಲ್ಲಿ ಕಳಿಸುತ್ತಿದ್ದೇನೆ. ಅವನು ರಜಕ್ಕೆ ನಿಮ್ಮ ಕಡಲ ಕಡೆಗೇ ಬರುತ್ತಿದ್ದಾನೆ, ಶನಿವಾರ ನಿಮ್ಮ ಬಾಗಿಲಿಗೆ ಬರುತ್ತಾನೆ. ಅಂಚೆಗೆ ಹಾಕಲು ಇವರು ಒಪ್ಪಲೇ ಇಲ್ಲ. "ಅಂಚೆಯೋರು ಮಡಚ್ತಾರೆ ಕಣೇ, ಅವರಿಗೇನ್ ಗೊತ್ತು" ಎಂದರು.

ಕಟ್ಟುವಾಗ ಒಂದು ಸಂಗತಿ ನಡೆಯಿತು. ನಾನು ಒಂದೊಂದೇ ರಟ್ಟನ್ನು ಅವರ ಕೈಗೆ ಕೊಡುವುದು, ಅವರು ಸವರಿ ನೋಡಿ ಇದು ಎಂ, ಇದು ಏಳು ಎಂದು ಹೇಳಿ ಹಿಂದೆ ಕೊಡುವುದು, ನಾನು ಕಾಗದ ಸುತ್ತುವುದು. ಹಾಗೇ ಸಾಗಿತ್ತು. ಒಂದನ್ನು ಮಾತ್ರ ಹಿಂದೆ ಕೊಡಲೇ ಇಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. "ಯಾಕ್ರೀ, ಇದೊಂದು ಇಟ್ಕೊಳ್ತೀರಾ?" ಎಂದು ಕೇಳಿದೆ. "ಇಲ್ಲ, ಹೋಗ್ಲಿ" ಎಂದು ಕೊಟ್ಟರು. ಎಸ್ ಅಕ್ಷರದ ರಟ್ಟು. ಅದರಲ್ಲಿ ಏನಿದೆಯೋ ನನಗೆ ತಿಳಿಯದು. ಐವತ್ತೈದು ವರ್ಷ ಜೊತೆಗೆ ಬಾಳಿದರೂ ನನಗೆ ಎಲ್ಲಾ ಎಸ್ಸೂ ಒಂದೇ.

ನಮ್ಮ ತಮ್ಮ ಬಹಳ ಮಾತಾಡುತ್ತಾನೆ. ಒಂದು ಲೋಟ ಚಹಾ ಕೊಟ್ಟು ಬೇಗ ಸಾಗಹಾಕಿ.

ನಿಮ್ಮ,
ಹೆಡ್ವಿಗ್


ಲೇರ್, 3 ಸೆಪ್ಟೆಂಬರ್ 2009

ಲೋಬೆಕ್ ಸಾಹೇಬರೇ,

ಹತ್ತು ವಾರ ಸುಮ್ಮನಿದ್ದೆ. ಹೆಡ್ವಿಗ್ ಅವರು ನಡುವೆ ಕಳಿಸಿದ ಎರಡು ಕಾರ್ಡುಗಳಿಗೂ ಉತ್ತರಿಸಲಿಲ್ಲ. ಕೆಲಸ ಇತ್ತು ಎಂದು ಬರೆಯಬಹುದು. ಕೆಲಸ ಜುಲೈನಲ್ಲೇ ಮುಗಿದಿತ್ತು.

ರಟ್ಟುಗಳು ಬಂದ ಶನಿವಾರವೇ ಬಿಚ್ಚಿ ನೋಡಿದೆ. ನನ್ನ ಕೈ ನನಗೆ ಗುರುತು ಸಿಕ್ಕಿತು. ಎಂ ಅಕ್ಷರದ ಮೂಲೆಯಲ್ಲಿ ಬ್ಲೇಡು ಜಾರಿ ಬೆರಳು ಕೊಯ್ದುಕೊಂಡ ಕಂದು ಕಲೆ ಕೂಡ ಹಾಗೇ ಇತ್ತು. ಸಂತೋಷದಿಂದ ಒಂದೊಂದೇ ತಿರುವುತ್ತ ಹೋದೆ. ಎಸ್ ಬಂತು.

ಎಸ್‌ನ ತುಂಬ ಬಿಳಿ ಬಣ್ಣ. ಮೇಲಿನ ಬಾಗಿಗೆ, ಕೆಳಗಿನ ಬಾಗಿಗೆ, ನಡುವಿನ ಬೆನ್ನಿಗೆ ಎರಡೂ ಕಡೆ. ಅಡಿಯಲ್ಲಿ ಬ್ಲೇಡಿನ ಒಂದು ಗೀರೂ ಇಲ್ಲ. ಅಂದರೆ ನಾನು ಬರೆದು ನೀವು ತಿದ್ದಿದ್ದಲ್ಲ, ಮೊದಲ ಗೆರೆಯಿಂದಲೇ ನಿಮ್ಮದು.

ನನಗೆ ನಂಬಿಕೆ ಬರಲಿಲ್ಲ. ದೇವರಾಣೆ, ಅದನ್ನು ಬರೆದ ನೆನಪು ನನಗಿತ್ತು. ಕಿಟಕಿಯ ಬೆಳಕು, ಕೈಗೆ ಹತ್ತಿದ ಶಾಯಿ, ಎಲ್ಲಾ ಇತ್ತು. ದಿನಾಂಕ ನೋಡಿದೆ. ನಿಮ್ಮ ಮುದ್ರೆಯ ಕೆಳಗೆ 1971ರ ಫೆಬ್ರವರಿ 19. ಆ ತಿಂಗಳ ಹನ್ನೊಂದಕ್ಕೆ ನನ್ನ ತಾಯಿ ತೀರಿಕೊಂಡರು. ನಾನು ಮೂರು ವಾರ ಲೇರ್‌ನಲ್ಲಿದ್ದೆ. ಶುರುಮಾಡಲಾಗದೆ ಬಿಟ್ಟುಹೋಗಿದ್ದ ಎಸ್, ತಿರುಗಿ ಬರುವಷ್ಟರಲ್ಲಿ ಒಣಗುವ ಹಲಗೆಯ ಮೇಲಿತ್ತು. ನಾನು ಜೆ ಬರೆಯಲು ಕೂತೆ. ಯಾರು ಬರೆದರು ಎಂದು ಕೇಳಲಿಲ್ಲ. ನೀವೂ ಹೇಳಲಿಲ್ಲ. ಆಮೇಲೆ ಅದು ನನ್ನದೇ ಆಗಿಬಿಟ್ಟಿತು. ನಿಮಗೆ ಏಪ್ರಿಲ್‌ನಲ್ಲಿ ಬರೆದಾಗ ಅದೇ ತಾಯಿಯ ಸಮಾಧಿಯ ಮೇಲೆ ಆಣೆಯಿಟ್ಟೆ. ತಾ ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ನಿಮ್ಮ ನೆನಪನ್ನು ಹಂಗಿಸಿದವಳ ನೆನಪೂ ಅಷ್ಟೇ.

ಇನ್ನೂ ಇದೆ. ಪುಸ್ತಿಕೆಯ ಕರಡು ಜುಲೈನಲ್ಲಿ ಬಂತು. ಮೊದಲ ಪುಟದಲ್ಲಿ ನನ್ನ ಹೆಸರು, ನನ್ನ ಅಕ್ಷರದಲ್ಲೇ, ಪುಟದ ಈ ತುದಿಯಿಂದ ಆ ತುದಿಗೆ. ಮೂರನೆಯ ಪುಟದಲ್ಲಿ ಒಂದು ಪ್ಯಾರಾ: ದಪ್ಪ ಅಗಲದ ಅಕ್ಷರಗಳಲ್ಲಿ ಎಸ್ ಅತಿ ಕಷ್ಟದ್ದು, ಕುಳ್ಳ ಮನೆಗೆ ಮೂರು ಮಹಡಿ ಕಟ್ಟಿದ ಹಾಗೆ; ಬೇರೆಯವರ ಎಸ್‌ಗಳು ಹಿಂದಕ್ಕೆ ವಾಲುತ್ತವೆ, ಆಡೆನ್ ಅವರ ಎಸ್ ಮಾತ್ರ ಕಾಲೂರಿ ನಿಲ್ಲುತ್ತದೆ, ಇಡೀ ವಿನ್ಯಾಸದ ಕಿರೀಟವೇ ಅದು. ಹೀಗೆಲ್ಲ ಇದೆ. ನಾನು ಅದನ್ನು ಓದಿ, ಕೆಳಗೆ 'ಸರಿಯಿದೆ' ಎಂದು ಬರೆದು, ಸಹಿ ಹಾಕಿ ಕಳಿಸಿದೆ.

ಹೌದು, ಕಳಿಸಿದೆ. ನಿಮಗೆ ಕಣ್ಣು ಕಾಣುವುದಿಲ್ಲ, ಬರ್ಲಿನ್ನಿನವರಿಗೆ ಗೊತ್ತಿಲ್ಲ, ಇನ್ನು ಕೇಳುವವರು ಯಾರು ಎಂದುಕೊಂಡೆ. ನೀವು 1971ರಲ್ಲಿ ಅಂದುಕೊಂಡದ್ದೂ ಇಷ್ಟೇ ಇರಬೇಕು. ಅಷ್ಟು ಸುಲಭ ಅದು.

ಆದರೆ ನಿಮ್ಮ ಬೆರಳಿಗೆ ಆ ದಿಣ್ಣೆ ತಪ್ಪಿರಲು ಸಾಧ್ಯವಿಲ್ಲ. ನಲವತ್ತೆಂಟೂ ತಗ್ಗು ಎಂದು ಬರೆಸಿದಾಗ ನಿಮಗೆ ಗೊತ್ತಿತ್ತು. ಯಾಕೆ ಹಾಗೆ ಬರೆಸಿದಿರಿ? ಪುಸ್ತಿಕೆ 21ಕ್ಕೆ ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮೊದಲು ಉತ್ತರ ಬೇಕು.

ತಾಲ್ಕೆ ಆಡೆನ್


ಆಫೆನ್‌ಬಾಖ್, 8 ಸೆಪ್ಟೆಂಬರ್ 2009

ಆಡೆನ್ ಅವರೇ,

ಹೌದು, ಗೊತ್ತಿತ್ತು.

ನಿಮ್ಮಿಂದ ನಲವತ್ತೇಳು ತೆಗೆದುಕೊಂಡವನು, ಈಗ ಹಿಂದೆ ಕೊಡುವಾಗ ಒಂದನ್ನು ಎತ್ತಿಟ್ಟುಕೊಂಡು, ನೋಡಿ ಇದು ಮಾತ್ರ ನನ್ನದು ಎನ್ನುವುದು ನನಗೆ ನಾಚಿಕೆ ಎನಿಸಿತು. ಅಷ್ಟೇ. ದೊಡ್ಡತನ ಎಂದು ತಿಳಿಯಬೇಡಿ. ರಟ್ಟುಗಳನ್ನು ಕಟ್ಟುವಾಗ ಅದನ್ನು ಇಟ್ಟುಕೊಂಡುಬಿಡಲೇ ಎಂದು ಒಂದು ಗಳಿಗೆ ಅನಿಸಿತ್ತು.

ಬಿಡುಗಡೆಯ ದಿನದ ಭಾಷಣದ ವಿಷಯ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ನಿಮ್ಮ ಹೆಸರಿತ್ತು. 'ಈ ಅಕ್ಷರ ಕುಮಾರಿ ಆಡೆನ್ ಅವರದು' ಎಂದೇ ಬರೆದುಕೊಂಡಿದ್ದೆ. ನಿರ್ದೇಶಕರು ಎದುರು ಸಾಲಿನಲ್ಲೇ ಕೂತಿದ್ದರು. ಹಾಗಾದರೆ ನೀನು ಯಾತಕ್ಕಪ್ಪಾ ಎಂದು ಅವರು ಕೇಳಿಬಿಟ್ಟರೆ ಎಂದು ಹೆದರಿದೆ. ಆ ಸಾಲನ್ನು ಹಾರಿಸಿ, ದುಡಿಯುವ ಕೈಗಳು ಎಂದು ಓದಿದೆ. ಅದು ಮರೆವಲ್ಲ, ಪದ್ಧತಿಯೂ ಅಲ್ಲ, ಪುಕ್ಕಲುತನ. ತಪ್ಪು ಮಾಡಿದೆ. ಮೊದಲ ಕಾಗದದಲ್ಲೇ ಹೇಳಬೇಕಿತ್ತು, ಆಗಲೂ ಪದ್ಧತಿಯ ಹಿಂದೆ ಅವಿತುಕೊಂಡೆ. ಕ್ಷಮಿಸಿ ಎಂದು ಕೇಳುತ್ತೇನೆ. ಕ್ಷಮಿಸುವುದು ಬಿಡುವುದು ನಿಮಗೆ ಸೇರಿದ್ದು.

ಎಸ್ ಬಗ್ಗೆ ಯಾರಿಗೂ ಹೇಳಬೇಡಿ. ಚುಚ್ಚುತ್ತಿದ್ದರೆ ನೀವೇ ಹೊಸದೊಂದು ಬರೆಯಿರಿ. ನಿಮ್ಮ ತಾಯಿ ತೀರಿಕೊಳ್ಳದಿದ್ದರೆ ನೀವೇ ಬರೆಯುತ್ತಿದ್ದಿರಿ. ಇನ್ನೂ ಹನ್ನೆರಡು ದಿನ ಇದೆ, ನಿಮ್ಮ ಕೈಗೆ ಅದು ಸಾಕು.

ಗೆರ್ನೊಟ್ ಲೋಬೆಕ್

ಹೆಡ್ವಿಗ್: ಭಾಷಣದ ವಿಷಯ ನನಗೂ ಇವತ್ತೇ ಗೊತ್ತಾಗಿದ್ದು. ಬರೀತಾ ಬರೀತಾ ಪೆನ್ನು ಕೆಳಗಿಟ್ಟೆ. "ಬರಿ, ಬರಿ" ಅಂದ್ರು. ಬರ್ದೆ.


ಲೇರ್, 19 ಸೆಪ್ಟೆಂಬರ್ 2009

ಲೋಬೆಕ್ ಸಾಹೇಬರೇ,

ನೀವು ಹೇಳಿದ ಹಾಗೆ ಕೂತೆ. ಹಳೆಯ ಕೈವಾರ ಹುಡುಕಿದೆ, ಶಾಯಿ ತರಿಸಿದೆ, ಬ್ಲೇಡು ಮಸೆದೆ. ಮೊದಲ ಎರಡು ದಿನ ಬಾಗು ಹಿಡಿತಕ್ಕೆ ಸಿಗಲಿಲ್ಲ, ಮೂರನೆಯ ದಿನ ಸಿಕ್ಕಿತು. ಒಟ್ಟು ಹನ್ನೊಂದು ಎಸ್ ಬರೆದೆ. ಕೊನೆಯ ನಾಲ್ಕು ಕೆಟ್ಟದಾಗೇನೂ ಇರಲಿಲ್ಲ. ಆ ನಾಲ್ಕನ್ನೂ ಗೋಡೆಗೆ ಅಂಟಿಸಿ, ನಡುವೆ ನಿಮ್ಮದನ್ನೂ ಇಟ್ಟು, ಗೇಶೆಯನ್ನು ಕರೆದೆ. ಯಾವುದು ಯಾರದೆಂದು ಹೇಳಲಿಲ್ಲ. ಅವಳು ಬಾಗಿಲಲ್ಲೇ ನಿಂತು, ಕೋಟು ಕೂಡ ಬಿಚ್ಚದೆ ನೋಡಿದಳು.

"ನಡುವಿಂದು ನಿಂತಿದೆ. ಬಾಕಿಯೆಲ್ಲಾ ಕುಡಿದು ಬಂದ ಹಾಗಿವೆ."

"ಸರಿಯಾಗಿ ನೋಡೇ."

"ನೋಡಿದ್ನಲ್ಲೇ. ನಡುವಿಂದೇ. ಅದು ನಿಂದು ತಾನೇ?"

ಅಲ್ಲ ಎಂದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಮೇ ತಿಂಗಳಿಂದ ಊರಿಗೆಲ್ಲ ನನ್ನ ಸುದ್ದಿ ಹೇಳಿಕೊಂಡು ಬಂದವಳು ಅವಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. "ನಿನ್ ಹೆಸರು ಕೈಗೆ ಬಂದಿದೆ, ಈಗ ನೀನೇ ಕೆಡಿಸ್ಕೊಳ್ತೀಯಾ?" ಎಂದಷ್ಟೇ ಕೇಳಿದಳು.

ನಿನ್ನೆ ಬರ್ಲಿನ್ನಿಗೆ ಫೋನ್ ಮಾಡಿದೆ. ಮೂರನೆಯ ಪುಟದ ಆ ಪ್ಯಾರಾದಲ್ಲಿ ನನ್ನ ಹೆಸರು ತೆಗೆದು ನಿಮ್ಮ ಹೆಸರು ಹಾಕಬೇಕು, ಮೊದಲ ಪುಟದಲ್ಲಿ 'ತಾಲ್ಕೆ ಆಡೆನ್, 1971. ಎಸ್ ಅಕ್ಷರ ಗೆರ್ನೊಟ್ ಲೋಬೆಕ್ ಅವರದು' ಎಂದು ಅಚ್ಚಾಗಬೇಕು ಎಂದೆ. ಫ್ರೌ ರೀಡೆಲ್‌ಗೆ ತಲೆಬಿಸಿಯಾಯಿತು. "ಒಂದೇ ಒಂದು ಅಕ್ಷರಕ್ಕೆ ಹೆಸರು ಹಾಕೋ ಪದ್ಧತಿ ಎಲ್ಲೂ ಇಲ್ಲ ಮೇಡಂ" ಎಂದರು. "ನಲವತ್ತೇಳಕ್ಕೆ ಹಾಕದೇ ಇರೋ ಪದ್ಧತಿ ಇತ್ತಲ್ಲಮ್ಮಾ, ಇದೂ ಇರ್ಲಿ" ಎಂದೆ. ಕೊನೆಗೆ, ಹಾಕುತ್ತೇವೆ ಎಂದರು. ಈ ವಿಷಯದಲ್ಲಿ ನಿಮ್ಮ ಒಪ್ಪಿಗೆ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ನೀವು ಕ್ಷಮೆ ಕೇಳಿದ್ದೀರಿ. ನನಗೆ ಅದು ಇಷ್ಟು ಬೇಗ ಬರುವುದಿಲ್ಲ, ನಾವು ಈ ಕಡೆಯವರು ನಿಧಾನ. ಬರುವಾಗ ಬರೆದು ತಿಳಿಸುತ್ತೇನೆ. ಅಲ್ಲಿಯವರೆಗೆ ನಿಮಗೆ ಸಲ್ಲಬೇಕಾದ ಇನ್ನೊಂದು ಮಾತನ್ನು ಬರೆಯುತ್ತೇನೆ. ಇದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು.

ನಿಮ್ಮ ಎಸ್ ನನ್ನ ಎಸ್‌ಗಿಂತ ಚೆನ್ನಾಗಿದೆ.

ಹೆಡ್ವಿಗ್ ಅವರೇ, ಈ ಸಾಲನ್ನು ಅವರಿಗೆ ಎರಡು ಸಲ ಓದಿ ಹೇಳಿ. ಮೂರನೆಯ ಸಲ ಕೇಳಿದರೆ ಓದಬೇಡಿ.

ತಾಲ್ಕೆ ಆಡೆನ್